ವೃದ್ಧಪೋಷಣೆಗೆ ಸರ್ಕಾರದ ನೆರವು: ಅರ್ಹತೆಯ ನಿಯಮಗಳು (ಸರ್ಜಾಪುರ ಹೋಬಳಿ)

ದುಡಿಯುವ ಶಕ್ತಿ ಉಡುಗಿದ ಹಿರಿಯರಿಗೆ ರಾಜ್ಯದ ಬೊಕ್ಕಸದಿಂದ ಸಲ್ಲುವ ಮಾಸಾಶನಕ್ಕೂ, ಅವರ ಪೋಷಣೆಯ ಹೊಣೆಯನ್ನು ಮಕ್ಕಳ ಮೇಲೆ ವಿಧಿಸಿರುವ ಶಾಸನದ ರಕ್ಷಣೆಗೂ ಯಾರು ಪಾತ್ರರೆಂಬುದನ್ನು ನಿರ್ಣಯಿಸತಕ್ಕ ವಿಧಿಗಳ ಸಮುಚ್ಚಯ. ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಸರ್ಜಾಪುರ ಹೋಬಳಿಯಲ್ಲಿ ಈ ವಿಧಿಗಳಿಗೆ ವಿಶೇಷ ಮಹತ್ವವುಂಟು. ಏಕೆಂದರೆ ಹಿಂದೆ ನೇಯ್ಗೆಗೂ ರಾಗಿಯ ಬೇಸಾಯಕ್ಕೂ ನೆಲೆಯಾಗಿದ್ದ ಈ ಸೀಮೆ ಬಡಾವಣೆಗಳಿಂದಲೂ ಬಹುಮಹಡಿ ವಸತಿಗಳಿಂದಲೂ ತುಂಬಿದ ಮೇಲೆ, ಹೊಲವನ್ನು ಮಾರಿಯೋ ಮಕ್ಕಳಿಗೆ ಬರೆದುಕೊಟ್ಟೋ ಬರಿಗೈಯಾದ ವೃದ್ಧರು ಕೋಟಿ ಬೆಲೆಯ ನೆಲದ ನಡುವೆಯೇ ಬಾಳುವಂತಾಗಿದೆ.

ಮಾಸಾಶನಗಳಲ್ಲಿ ಮುಖ್ಯವಾದವು ಎರಡು. ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಂದು ಆರಂಭಿಸಿದ ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮದ ಅಂಗವಾದ ವೃದ್ಧಾಪ್ಯ ವೇತನವು 2007ರಲ್ಲಿ ಇಂದಿರಾ ಗಾಂಧಿಯವರ ಹೆಸರನ್ನು ಪಡೆದು, 2011ರಿಂದ ಬಡತನ ರೇಖೆಗಿಂತ ಕೆಳಗಿರುವ 60 ವರ್ಷ ತುಂಬಿದವರಿಗೆಲ್ಲ ಅನ್ವಯವಾಯಿತು. ಇದರಲ್ಲಿ ಕೇಂದ್ರದ ಪಾಲು 79ರ ವಯಸ್ಸಿನವರೆಗೆ ತಿಂಗಳಿಗೆ 200 ರೂಪಾಯಿ, 80 ತುಂಬಿದವರಿಗೆ 500 ರೂಪಾಯಿ; ಉಳಿದುದನ್ನು ರಾಜ್ಯ ಸೇರಿಸುತ್ತದೆ. ಕರ್ನಾಟಕವು 2007ರಲ್ಲಿ ತನ್ನದೇ ಆಗಿ ಜಾರಿಗೆ ತಂದ ಸಂಧ್ಯಾ ಸುರಕ್ಷಾ ಯೋಜನೆಯು 65 ತುಂಬಿದ ಸಣ್ಣ ಹಾಗೂ ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮತ್ತು ಅಸಂಘಟಿತ ವಲಯದ ಶ್ರಮಿಕರಿಗಾಗಿ ರೂಪುಗೊಂಡಿತು. ಮೂಲ ಆದೇಶದಂತೆ ದಂಪತಿಗಳ ವಾರ್ಷಿಕ ಆದಾಯ 20,000 ರೂಪಾಯಿಯನ್ನೂ ಅವರ ಜಂಟಿ ಠೇವಣಿ 10,000 ರೂಪಾಯಿಯನ್ನೂ ಮೀರಿರಕೂಡದು. ಬೇರೆ ಯಾವ ಪಿಂಚಣಿಯೂ ಇರಕೂಡದು. ಆದಾಯದ ಮಿತಿಯನ್ನು ಅನಂತರ ಏರಿಸಲಾಯಿತು. 2021ರಲ್ಲಿ ಮಾಸಾಶನವೂ 1,000ದಿಂದ 1,200 ರೂಪಾಯಿಗೆ ಏರಿತು.

ವಯಸ್ಕ ಮಕ್ಕಳು ಒಂದೇ ಸೂರಿನಡಿ ವಾಸಿಸುತ್ತಿದ್ದರೂ ಅವರ ಸಂಪಾದನೆಯನ್ನು ತಂದೆ-ತಾಯಿಗಳ ಆದಾಯವೆಂದು ಲೆಕ್ಕಿಸುವಂತಿಲ್ಲ ಎಂಬ ವಿಧಿಯೇ ಸಂಧ್ಯಾ ಸುರಕ್ಷಾ ಯೋಜನೆಯ ಜೀವಾಳ. ಮಗ ಕಾರ್ಖಾನೆಯಲ್ಲಿ ಸಂಬಳ ಎಣಿಸುತ್ತಿದ್ದರೂ ಮುದುಕಿಯ ಸೆರಗಿನ ಗಂಟಿನಲ್ಲಿ ಏನೂ ಇಲ್ಲದಿರಬಹುದೆಂಬ ಸತ್ಯವನ್ನು ಶಾಸನಕಾರರು ಮನಗಂಡದ್ದು ದೊಡ್ಡ ಮಾತು. ಮಗನಿರುವನೆಂಬ ಒಂದೇ ಕಾರಣಕ್ಕೆ ಅರ್ಜಿ ಕೊಡಲು ಹಿಂಜರಿಯುವವರು ಇದನ್ನು ಅವಶ್ಯವಾಗಿ ಅರಿತಿರಬೇಕು.

ಅರ್ಜಿಯನ್ನು ಸರ್ಜಾಪುರದ ನಾಡಕಚೇರಿಯಲ್ಲಿ ಸಲ್ಲಿಸಬೇಕು. ಆಧಾರ್, ಪಡಿತರ ಚೀಟಿ, ವಯಸ್ಸಿನ ಪುರಾವೆ, ಆದಾಯ ಪ್ರಮಾಣಪತ್ರ, ಬ್ಯಾಂಕು ಅಥವಾ ಅಂಚೆ ಖಾತೆಯ ಪಾಸ್‌ಬುಕ್ಕು ಜೊತೆಗಿರಬೇಕು. ಗ್ರಾಮ ಆಡಳಿತ ಅಧಿಕಾರಿಗಳೂ ಕಂದಾಯ ನಿರೀಕ್ಷಕರೂ ವಿಚಾರಣೆ ನಡೆಸಿದ ಬಳಿಕ ಮಂಜೂರಾತಿ ಆದೇಶ ಹೊರಡುತ್ತದೆ.

ಈ ಪರೀಕ್ಷೆಯೆಲ್ಲವೂ ವಯಸ್ಸು ಮತ್ತು ಹಣವನ್ನು ಕುರಿತದ್ದೇ ಹೊರತು, ವೃದ್ಧರು ತಾವಾಗಿ ಸ್ನಾನ ಮಾಡಬಲ್ಲರೇ, ಉಣ್ಣಬಲ್ಲರೇ, ಮನೆಯೊಳಗೆ ನಡೆದಾಡಬಲ್ಲರೇ ಎಂಬುದನ್ನು ಅಳೆಯುವುದಿಲ್ಲ. ಇಂಗ್ಲೆಂಡಿನಲ್ಲಿ 2014ರ ಆರೈಕೆ ಶಾಸನದ ಮೇರೆಗೆ ಸ್ಥಳೀಯ ಕೌನ್ಸಿಲ್ಲು ಮೊದಲು ಇದನ್ನೇ ವಿಚಾರಿಸಿ, ನಿತ್ಯಜೀವನದ ನಿಗದಿತ ಕಾರ್ಯಗಳಲ್ಲಿ ಎರಡನ್ನಾದರೂ ಮಾಡಲಾರದೆ ಕ್ಷೇಮಕ್ಕೆ ಗಣನೀಯ ಧಕ್ಕೆಯೊದಗಿದವರನ್ನು ಅರ್ಹರೆಂದು ಗ್ರಹಿಸಿ, ಆಮೇಲೆ ಅವರ ಸ್ವತ್ತನ್ನು ಪರಿಶೀಲಿಸುತ್ತದೆ. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ಅಂಥ ಕರ್ತವ್ಯವನ್ನು ವಿಧಿಸಿಲ್ಲ. ಹಾಸಿಗೆ ಹಿಡಿದವರ ಶುಶ್ರೂಷೆ ಸೊಸೆಯ ಅಥವಾ ಮಗಳ ಪಾಲಿಗೆ ಬೀಳುತ್ತದೆ, ಆ ದುಡಿಮೆಗೆ ಯಾವ ವೇತನವೂ ಇಲ್ಲ. ಇದು ನಮ್ಮ ವ್ಯವಸ್ಥೆಯ ಗುರುತರವಾದ ನ್ಯೂನತೆ. 2024ರ ಅಕ್ಟೋಬರಿನಿಂದ 70 ತುಂಬಿದವರಿಗೆಲ್ಲ ಆದಾಯದ ನಿರ್ಬಂಧವಿಲ್ಲದೆ ಅನ್ವಯವಾಗುವಂತೆ ವಿಸ್ತರಿಸಲಾದ ಆಯುಷ್ಮಾನ್ ಭಾರತ್ ಯೋಜನೆ ಕೂಡ ಆಸ್ಪತ್ರೆಯ ಚಿಕಿತ್ಸೆಗೇ ಹೊರತು ಮನೆಯ ಆರೈಕೆಗಲ್ಲ.

ಪೋಷಣೆಯ ಹೊಣೆಯನ್ನು 2007ರ ಕೇಂದ್ರ ಅಧಿನಿಯಮವು ಕುಟುಂಬದ ಮೇಲಿರಿಸಿದೆ. ಸ್ವಂತ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಜೀವಿಸಲಾರದ ತಂದೆ-ತಾಯಿಗಳು ಪ್ರಾಪ್ತವಯಸ್ಕರಾದ ಮಕ್ಕಳಿಂದಲೂ ಮೊಮ್ಮಕ್ಕಳಿಂದಲೂ, ಸಂತಾನವಿಲ್ಲದ 60 ತುಂಬಿದವರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಬಂಧುಗಳಿಂದಲೂ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೇಳಬಹುದು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯು ಸಾಮಾನ್ಯವಾಗಿ 90 ದಿನಗಳೊಳಗೆ ತೀರ್ಮಾನಿಸತಕ್ಕದ್ದು.

ಸರ್ಜಾಪುರದಂಥ ಕಡೆ ಅತ್ಯಂತ ಪ್ರಯೋಜನಕಾರಿಯಾದುದು ಈ ಅಧಿನಿಯಮದ 23ನೆಯ ಪ್ರಕರಣ: ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನವಾಗಿಯೋ ಅನ್ಯಥಾವಾಗಿಯೋ ಆಸ್ತಿಯನ್ನು ಕೊಟ್ಟ ಹಿರಿಯರು, ಪಡೆದವನು ಮಾತಿಗೆ ತಪ್ಪಿದರೆ ಆ ವರ್ಗಾವಣೆಯನ್ನು ಶೂನ್ಯವೆಂದು ಘೋಷಿಸಿಕೊಳ್ಳಬಹುದು. ಷರತ್ತು ಇರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ವಿಧಿಸಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಶಾಸನವನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದಿತು. ಆದುದರಿಂದ ದಾನಪತ್ರ ಬರೆಯಿಸುವಾಗ ಅನ್ನ, ವಸ್ತ್ರ, ಔಷಧೋಪಚಾರಗಳ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸುವುದು ಕ್ಷೇಮಕರ. ನ್ಯಾಯಮಂಡಳಿಯ ಆದೇಶದಿಂದ ಬಾಧಿತರಾದ ಹಿರಿಯರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.