ವಿನೋದ

ವಿನೋದ ಅಂದರೆ ಇಂದು ನಗೆ, ತಮಾಷೆ. ಕರಾವಳಿಯ ಶಾಲೆಗಳಲ್ಲಿ ವಾರ್ಷಿಕೋತ್ಸವದ ಹಾಡು-ಕುಣಿತ ‘ವಿನೋದಾವಳಿ’ಯಾಗುತ್ತದೆ. ಬಸವಕಲ್ಯಾಣ, ಹುಮನಾಬಾದ್ ಕಡೆ ಮಾತಿನಲ್ಲಿ ಈ ಪದ ಅಪರೂಪ. ಅಲ್ಲಿ ನಡೆಯುವುದು ‘ಮಸ್ಕಿರಿ’, ಮರಾಠಿಯ ನಂಟಿನ ಪದ. ಆದರೆ ವಿನೋದವನ್ನು ಒಂದು ಶಾಸ್ತ್ರವಾಗಿಸಿ ಬರೆದಿಟ್ಟದ್ದು ಇದೇ ಕಲ್ಯಾಣದ ದೊರೆ. ಚಾಳುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳು (ಇಪ್ಪತ್ತರ ಕಟ್ಟುಗಳು), ನೂರು ಅಧ್ಯಾಯಗಳು. ಅದರಲ್ಲೊಂದು ವಿನೋದವಿಂಶತಿ. ಆನೆ, ಕುದುರೆ, ಮಲ್ಲಯುದ್ಧ, ಕೋಳಿಕಾಳಗ, ಗೀತ, ನೃತ್ಯಗಳ ಸಾಲಿನಲ್ಲೇ ‘ಕಥಾವಿನೋದ’ವೂ ಕುಳಿತಿದೆ. ಕಥೆ ಕೇಳುವುದನ್ನು ಕುಸ್ತಿ ನೋಡುವುದರ ಪಕ್ಕ ಕೂರಿಸಿದ್ದು ನಮ್ಮ ಕೆಲವು ಗಂಭೀರ ಕಥೆಗಾರರಿಗೆ ಹಿಡಿಸಲಿಕ್ಕಿಲ್ಲ. ನನಗೆ ಹಿಡಿಸುತ್ತದೆ.

ಪದದ ಬೇರು ‘ನುದ್’ ಧಾತು: ತಳ್ಳು, ನೂಕು. ‘ವಿ’ ಸೇರಿದರೆ ಅತ್ತ ಸರಿಸು, ಹೋಗಲಾಡಿಸು. ‘ಶ್ರಮವಿನೋದ’ ಅಂದರೆ ದಣಿವು ಕಳೆಯುವುದು, ನಗಿಸುವುದಲ್ಲ. ರಾಕೆಟ್ಟನ್ನು ಮುಂದೆ ನೂಕುವ ‘ನೋದಕ’ವೂ ಇದೇ ಬೇರಿನದು. ಹಾಗಾದರೆ ಕಥಾವಿನೋದದಲ್ಲಿ ನೂಕಿಸಿಕೊಳ್ಳುವುದು ಏನು? ಕೇಳುಗನ ತಲೆಯಲ್ಲಿ ಆಗಲೇ ಜಾಗ ಹಿಡಿದು ಕೂತ ಲೆಕ್ಕಪತ್ರ, ವ್ಯಾಜ್ಯ, ನಾಳೆಯ ಚಿಂತೆ. ಕರುಳು ಹಿಂಡುವ ಕಥೆಯೂ ಈ ಅರ್ಥದಲ್ಲಿ ವಿನೋದವೇ. ಮೊದಲ ಪುಟದಲ್ಲಿ ಊರಿನ ವರ್ಣನೆ, ವಂಶಾವಳಿ ತುಂಬಿಸುವ ಕಥೆ ಸೋಲುವುದೂ ಇಲ್ಲೇ: ಅದು ಓದುಗನ ತಲೆಗೆ ಇನ್ನಷ್ಟು ಹೊರಿಸುತ್ತದೆ, ಇದ್ದದ್ದನ್ನು ಸರಿಸುವುದಿಲ್ಲ. ಬಾಗಿಲು ತಟ್ಟಿದ ಸದ್ದು, ಕಳೆದ ಬೀಗದ ಕೈ, ಅರ್ಧಕ್ಕೇ ನಿಂತ ಒಂದು ಮಾತು ಆ ಸರಿಸುವ ಕೆಲಸವನ್ನು ಬೇಗ ಮಾಡುತ್ತವೆ.