ಆಸ್ತಿ ಮಾರಿದ ಹಣ ಷೇರುದಾರರ ಕೈಗೆ ಬರುವುದೇ? ಕೋಲ್ಕತ್ತಾದ ಮೂರು ಆಸ್ತಿಗಳ ಲೆಕ್ಕಾಚಾರ

ಕೋಲ್ಕತ್ತಾದ ಪ್ರಿನ್ಸ್ ಅನ್ವರ್ ಷಾ ರಸ್ತೆಯಲ್ಲಿರುವ ಸೌತ್ ಸಿಟಿ ಮಾಲ್ ಅನ್ನು 2025ರ ಜೂನ್‌ನಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ 3,250 ಕೋಟಿ ರೂಪಾಯಿಗೆ ಖರೀದಿಸಿತು. ಆ ನಗರದ ಅತಿ ದೊಡ್ಡ ರಿಯಲ್ ಎಸ್ಟೇಟ್ ವ್ಯವಹಾರ ಎಂದೇ ಅದು ಸುದ್ದಿಯಾಯಿತು. ಒಂದು ಕಾಲದಲ್ಲಿ ಉಷಾ ಕಾರ್ಖಾನೆ ಇದ್ದ ಜಾಗದಲ್ಲಿ 2008ರಲ್ಲಿ ಬಾಗಿಲು ತೆರೆದ ಮಾಲ್ ಅದು. ಮಾರಿದ ಸೌತ್ ಸಿಟಿ ಪ್ರಾಜೆಕ್ಟ್ಸ್ ಸ್ಥಳೀಯ ಬಿಲ್ಡರ್‌ಗಳು ಸೇರಿ ಕಟ್ಟಿಕೊಂಡ ಕಂಪನಿ. ಷೇರುಪೇಟೆಯಲ್ಲಿ ನೋಂದಣಿಯಾಗಿಲ್ಲದ ಕಾರಣ, ಬಂದ ಹಣವನ್ನು ಹೇಗೆ ಬಳಸಲಾಯಿತು ಎಂದು ಷೇರುಪೇಟೆಗೆ ತಿಳಿಸುವ ಬಾಧ್ಯತೆ ಅದಕ್ಕಿಲ್ಲ.

ಇಂಥದ್ದೇ ಮಾರಾಟವನ್ನು ನೋಂದಾಯಿತ ಕಂಪನಿ ಮಾಡಿದರೆ ಚಿತ್ರ ಬೇರೆ. 'ಇಷ್ಟು ಕೋಟಿಗೆ ಆಸ್ತಿ ಮಾರಾಟ' ಎಂಬ ಪ್ರಕಟಣೆ ಬಿದ್ದ ಕೂಡಲೇ ವಿಶೇಷ ಡಿವಿಡೆಂಡ್ ಬರಬಹುದೆಂಬ ಆಸೆಯಿಂದ ಷೇರು ಕೊಳ್ಳುವವರಿದ್ದಾರೆ. ಆದರೆ ಆಸ್ತಿ ಮಾರಾಟದ ಮೊತ್ತ ಬೇರೆ, ಲಾಭ ಬೇರೆ, ಡಿವಿಡೆಂಡ್ ಬೇರೆ. ಈ ಮೂರರ ನಡುವಿನ ಅಂತರದಲ್ಲೇ ಸಣ್ಣ ಹೂಡಿಕೆದಾರರ ಹಣ ಸಿಕ್ಕಿಬೀಳುವುದು.

ಕಾನೂನು ಏನು ಹೇಳುತ್ತದೆ?

2013ರ ಕಂಪನಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಡಿವಿಡೆಂಡ್ ಕೊಡಬೇಕಾದದ್ದು ಲಾಭದಿಂದ. ಅದು ಆ ವರ್ಷದ ಲಾಭವಾಗಿರಬಹುದು ಅಥವಾ ಹಿಂದಿನ ವರ್ಷಗಳಲ್ಲಿ ಹಂಚದೆ ಉಳಿಸಿಕೊಂಡ ಲಾಭವಾಗಿರಬಹುದು. ಹಿಂದಿನ ವರ್ಷಗಳ ನಷ್ಟ ಬಾಕಿಯಿದ್ದರೆ ಮೊದಲು ಅದನ್ನು ಸರಿದೂಗಿಸಬೇಕು. ಜಮೀನಿನ ಬೆಲೆ ಏರಿದೆ ಎಂದು ಪುಸ್ತಕದಲ್ಲಿ ಮೌಲ್ಯ ಹೆಚ್ಚಿಸಿಕೊಂಡು, ಆ ಕಾಗದದ ಲಾಭದಿಂದ ಡಿವಿಡೆಂಡ್ ಹಂಚುವಂತಿಲ್ಲ. ಆಸ್ತಿ ನಿಜವಾಗಿ ಮಾರಾಟವಾಗಿರಬೇಕು.

ಎಷ್ಟು ಕೊಡಬೇಕು ಎಂಬುದನ್ನು ಶಿಫಾರಸು ಮಾಡುವುದು ಆಡಳಿತ ಮಂಡಳಿ. ವಾರ್ಷಿಕ ಮಹಾಸಭೆಯಲ್ಲಿ ಷೇರುದಾರರು ಅದನ್ನು ಒಪ್ಪಬಹುದು, ಕಡಿಮೆ ಮಾಡಬಹುದು; ಹೆಚ್ಚಿಸುವಂತಿಲ್ಲ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ನೋಂದಾಯಿತ ಕಂಪನಿಗಳು ಡಿವಿಡೆಂಡ್ ಹಂಚಿಕೆ ನೀತಿಯನ್ನು ಪ್ರಕಟಿಸಬೇಕು ಎಂದು ಸೆಬಿ ನಿಯಮವಿದೆ. ನೀತಿ ಇರಬೇಕು ಅಷ್ಟೇ. ಇಂತಿಷ್ಟು ಹಂಚಲೇಬೇಕು ಎಂದೇನಿಲ್ಲ.

ಮಾರಾಟದ ವಿಷಯದಲ್ಲಿ ಷೇರುದಾರರಿಗೆ ಸ್ವಲ್ಪ ಹೆಚ್ಚಿನ ಬಲವಿದೆ. ಕಂಪನಿಯ ನಿವ್ವಳ ಮೌಲ್ಯದ ಶೇ 20ಕ್ಕಿಂತ ಹೆಚ್ಚು ತೊಡಗಿಸಿರುವ ಅಥವಾ ಒಟ್ಟು ಆದಾಯದ ಶೇ 20ರಷ್ಟನ್ನು ತರುವ ಉದ್ಯಮ ಘಟಕವನ್ನು ಮಾರಲು ವಿಶೇಷ ನಿರ್ಣಯ ಬೇಕು. 2023ರಿಂದ ಸೆಬಿ ಇನ್ನೊಂದು ಷರತ್ತು ಸೇರಿಸಿದೆ. ಪ್ರವರ್ತಕರನ್ನು ಬಿಟ್ಟು ಉಳಿದ ಸಾರ್ವಜನಿಕ ಷೇರುದಾರರಲ್ಲೂ ವಿರೋಧಕ್ಕಿಂತ ಪರವಾದ ಮತಗಳು ಹೆಚ್ಚಿರಬೇಕು. ಮಾರಾಟದ ಉದ್ದೇಶವನ್ನೂ ಹಣದ ಬಳಕೆಯನ್ನೂ ಷೇರುದಾರರಿಗೆ ತಿಳಿಸಬೇಕು.

500 ಕೋಟಿ ಹೇಗೆ ಕರಗುತ್ತದೆ?

ಒಂದು ಕಾಲ್ಪನಿಕ ಉದಾಹರಣೆ ನೋಡಿ. 10 ಕೋಟಿ ಷೇರುಗಳಿರುವ ಕಂಪನಿಯೊಂದು 200 ಕೋಟಿಗೆ ಕೊಂಡಿದ್ದ ಜಮೀನನ್ನು 500 ಕೋಟಿಗೆ ಮಾರಿತು ಎಂದುಕೊಳ್ಳಿ. ಸುದ್ದಿ ಓದಿದವರ ಮನಸ್ಸಿನಲ್ಲಿ ಷೇರಿಗೆ 50 ರೂಪಾಯಿ ಎಂಬ ಲೆಕ್ಕ ಓಡುತ್ತದೆ. ಆದರೆ 300 ಕೋಟಿ ಲಾಭದ ಮೇಲೆ ಶೇ 12.5ರ ದೀರ್ಘಾವಧಿ ಬಂಡವಾಳ ಲಾಭ ತೆರಿಗೆ, ಸರ್ಚಾರ್ಜ್, ಸೆಸ್ ಸೇರಿ ಸುಮಾರು 44 ಕೋಟಿ ಹೋಗುತ್ತದೆ. ಆ ಜಮೀನನ್ನು ಅಡವಿಟ್ಟು 260 ಕೋಟಿ ಸಾಲ ತೆಗೆದಿದ್ದರೆ, ಅಡಮಾನ ಬಿಡಿಸದೆ ನೋಂದಣಿಯೇ ಆಗದು. ಉಳಿದದ್ದು 196 ಕೋಟಿ. ಅದರಲ್ಲಿ 100 ಕೋಟಿ ಹೊಸ ಜಮೀನಿಗೆ ಹೋದರೆ, ಹಂಚಲು ಸಿಗುವುದು ಷೇರಿಗೆ 9.60 ರೂಪಾಯಿ. ಅದನ್ನೂ ಹಂಚಲೇಬೇಕೆಂಬ ಕಡ್ಡಾಯವಿಲ್ಲ.

ಬಿಲ್ಡರ್ ಕಂಪನಿಗಳಲ್ಲಿ ಇನ್ನೂ ಒಂದು ಸುತ್ತು ಇದೆ. ಅವುಗಳಿಗೆ ಜಮೀನು ಬಹುಮಟ್ಟಿಗೆ ವ್ಯಾಪಾರದ ಸರಕು, ದಿನಸಿ ಅಂಗಡಿಯವನಿಗೆ ಅಕ್ಕಿ ಮೂಟೆ ಇದ್ದಂತೆ. ಹಾಗಾಗಿ ಮಾರಿದ ಲಾಭ ಸಾಮಾನ್ಯ ವ್ಯಾಪಾರ ಆದಾಯವಾಗುತ್ತದೆ, ತೆರಿಗೆ ದರವೂ ಬದಲಾಗುತ್ತದೆ.

ಹಿಂದ್ ಮೋಟರ್‌ನಿಂದ ಬೆಂಗಳೂರಿನ ಕಂಪನಿಗೆ

ಕೋಲ್ಕತ್ತಾದ ಆಚೆ, ಹೂಗ್ಲಿ ಜಿಲ್ಲೆಯ ಉತ್ತರಪಾಡಾದಲ್ಲಿ 'ಹಿಂದ್ ಮೋಟರ್' ಎಂಬ ರೈಲು ನಿಲ್ದಾಣವೇ ಇದೆ. ಅಂಬಾಸಿಡರ್ ಕಾರು ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಿಂದ ಬಂದ ಹೆಸರು ಅದು. ಕಾರಿನ ಬೇಡಿಕೆ ಕುಸಿದು ನಷ್ಟ ಹೆಚ್ಚಿದಾಗ, ಕಾರ್ಖಾನೆಯ ಸುತ್ತಲಿನ ಬಳಸದ ಜಮೀನು ಮಾರಿ ಹಣ ಹೊಂದಿಸಲು ಕಂಪನಿ ಮುಂದಾಯಿತು. ರಾಜ್ಯ ಸರ್ಕಾರದ ಒಪ್ಪಿಗೆ ಪಡೆದು 2007ರಲ್ಲಿ 314 ಎಕರೆಯನ್ನು 285 ಕೋಟಿ ರೂಪಾಯಿಗೆ ಮಾರಿತು. ಕೊಂಡದ್ದು ಬೆಂಗಳೂರು ಮೂಲದ ಶ್ರೀರಾಮ್ ಪ್ರಾಪರ್ಟೀಸ್‌ನ ಅಂಗಸಂಸ್ಥೆ ಬೆಂಗಾಲ್ ಶ್ರೀರಾಮ್.

ಜಮೀನಿನ ಹಣ ಕಾರ್ಖಾನೆಯನ್ನು ಉಳಿಸಲಿಲ್ಲ. 2014ರ ಮೇ 24ರಂದು ಅಲ್ಲಿ ಕೆಲಸ ಸ್ಥಗಿತವಾಯಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೇ ಫ್ರಾನ್ಸ್‌ನ ಪೂಜೋ ಸಮೂಹಕ್ಕೆ 80 ಕೋಟಿಗೆ ಮಾರಲಾಯಿತು. ಬಳಕೆಯಾಗದೆ ಉಳಿದ ಸುಮಾರು 395 ಎಕರೆಯನ್ನು ಹಿಂಪಡೆಯುವ ಪಶ್ಚಿಮ ಬಂಗಾಳ ಸರ್ಕಾರದ ಕ್ರಮವನ್ನು 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ಎತ್ತಿಹಿಡಿಯಿತು. ಕೈಯಲ್ಲಿ ಎಕರೆಗಟ್ಟಲೆ ಜಮೀನಿದೆ ಎಂಬ ಒಂದೇ ಕಾರಣಕ್ಕೆ ಹಳೆಯ ಕಂಪನಿಯ ಷೇರು ಕೊಳ್ಳುವವರು ಈ ಪ್ರಕರಣವನ್ನು ಎರಡು ಸಲ ಓದಬೇಕು. ಮೂಲತಃ ಸರ್ಕಾರ ಕೈಗಾರಿಕೆಗೆಂದು ಕೊಟ್ಟ ಜಮೀನು ಕಂಪನಿಯ ಸ್ವಯಾರ್ಜಿತ ಆಸ್ತಿಯಂತಲ್ಲ.

ಕೊಂಡವರ ಕಡೆಯ ಲೆಕ್ಕವೂ ಕುತೂಹಲಕರ. ಆ ಜಮೀನಿನಲ್ಲಿ ಈಗ ಶ್ರೀರಾಮ್ ಗ್ರ್ಯಾಂಡ್ ಸಿಟಿ ಎಂಬ ಟೌನ್‌ಶಿಪ್ ಎದ್ದಿದೆ. ಶ್ರೀರಾಮ್ ಪ್ರಾಪರ್ಟೀಸ್ 2021ರ ಡಿಸೆಂಬರ್‌ನಲ್ಲಿ ಷೇರಿಗೆ 118 ರೂಪಾಯಿಯಂತೆ 600 ಕೋಟಿಯ ಐಪಿಒ ತಂದಿತು. ಅದರಲ್ಲಿ ಕಂಪನಿಗೆ ಬಂದದ್ದು 250 ಕೋಟಿ ಮಾತ್ರ. 350 ಕೋಟಿ ತಮ್ಮ ಪಾಲು ಮಾರಿದ ಹಳೆಯ ಹೂಡಿಕೆದಾರರಿಗೆ ಹೋಯಿತು. ಬಂದ 250 ಕೋಟಿಯಲ್ಲೂ 200 ಕೋಟಿಯನ್ನು ಕಂಪನಿ ಮತ್ತು ಬೆಂಗಾಲ್ ಶ್ರೀರಾಮ್ ಸೇರಿದಂತೆ ಅಂಗಸಂಸ್ಥೆಗಳ ಸಾಲ ತೀರಿಸಲು ಮೀಸಲಿಡಲಾಗಿತ್ತು.

ಫ್ಲಾಟ್ ಕೊಳ್ಳುವವರು ಕಟ್ಟುವ ಹಣವೂ ನೇರವಾಗಿ ಡಿವಿಡೆಂಡ್ ಆಗದು. ರೇರಾ ಕಾಯ್ದೆಯಂತೆ ಅದರ ಶೇ 70ರಷ್ಟು ಪ್ರತ್ಯೇಕ ಖಾತೆಯಲ್ಲಿದ್ದು, ಅದೇ ಯೋಜನೆಯ ಜಮೀನು ಮತ್ತು ನಿರ್ಮಾಣ ವೆಚ್ಚಕ್ಕೆ ಬಳಕೆಯಾಗಬೇಕು. ಪಶ್ಚಿಮ ಬಂಗಾಳ 'ಹಿರಾ' ಎಂಬ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. 2021ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ಅಲ್ಲೂ ರೇರಾ ಜಾರಿಗೆ ಬಂತು.

ರಾಜಾರ್‌ಹಾಟ್‌ನ ಬಾಡಿಗೆ: ಇಲ್ಲಿ ಹಂಚಿಕೆ ಕಡ್ಡಾಯ

ಮೂರನೆಯ ಆಸ್ತಿ ಕೋಲ್ಕತ್ತಾದ ನ್ಯೂ ಟೌನ್, ರಾಜಾರ್‌ಹಾಟ್‌ನಲ್ಲಿದೆ. ಕ್ಯಾಂಡರ್ ಟೆಕ್‌ಸ್ಪೇಸ್ ಕೆ1 ಎಂಬ ಸುಮಾರು 48 ಎಕರೆಯ ಈ ಐಟಿ ಕ್ಯಾಂಪಸ್‌ನಲ್ಲಿ ಟಿಸಿಎಸ್, ಕಾಗ್ನಿಜೆಂಟ್ ಮುಂತಾದವು ಬಾಡಿಗೆಗಿವೆ. ಇದರ ಒಡೆತನ ಬ್ರೂಕ್‌ಫೀಲ್ಡ್ ಇಂಡಿಯಾ ರೀಟ್‌ನದು. 2021ರ ಫೆಬ್ರುವರಿಯಲ್ಲಿ ಯೂನಿಟ್‌ಗೆ 275 ರೂಪಾಯಿಯಂತೆ 3,800 ಕೋಟಿ ಸಂಗ್ರಹಿಸಿ ಇದು ಷೇರುಪೇಟೆಗೆ ಬಂತು. 2019ರ ಏಪ್ರಿಲ್‌ನಲ್ಲಿ ನೋಂದಣಿಯಾದ ದೇಶದ ಮೊದಲ ರೀಟ್ ಬೆಂಗಳೂರಿನ ಎಂಬೆಸಿಯದು. ಬ್ರೂಕ್‌ಫೀಲ್ಡ್ ಅದೇ ಜಾತಿಗೆ ಸೇರಿದ್ದು.

ರೀಟ್ ಕಂಪನಿಯಲ್ಲ, ಟ್ರಸ್ಟ್. ಸೆಬಿಯ 2014ರ ನಿಯಮಗಳ ಪ್ರಕಾರ ಹಂಚಬಹುದಾದ ನಿವ್ವಳ ನಗದಿನ ಕನಿಷ್ಠ ಶೇ 90ನ್ನು ಯೂನಿಟ್ ಹೊಂದಿದವರಿಗೆ ಕೊಡಲೇಬೇಕು, ಅದೂ ಆರು ತಿಂಗಳಿಗೊಮ್ಮೆಯಾದರೂ. ಆಸ್ತಿಗಳ ಮೌಲ್ಯದ ಶೇ 80ರಷ್ಟು ಪೂರ್ಣಗೊಂಡು ಬಾಡಿಗೆ ತರುವ ಕಟ್ಟಡಗಳಲ್ಲಿರಬೇಕು. ನಿವ್ವಳ ಸಾಲ ಶೇ 49 ದಾಟುವಂತಿಲ್ಲ.

ಆಸ್ತಿ ಮಾರಿದರೆ? ಕೊಂಡ ಕಟ್ಟಡವನ್ನು ಮೂರು ವರ್ಷವಾದರೂ ಇಟ್ಟುಕೊಂಡಿರಬೇಕು. ಒಂದೇ ಹಣಕಾಸು ವರ್ಷದಲ್ಲಿ ಒಟ್ಟು ಆಸ್ತಿ ಮೌಲ್ಯದ ಶೇ 10ಕ್ಕಿಂತ ಹೆಚ್ಚು ಮಾರಬೇಕಿದ್ದರೆ ಯೂನಿಟ್‌ದಾರರ ಒಪ್ಪಿಗೆ ಬೇಕು. ಬಂದ ಹಣವನ್ನು ಒಂದು ವರ್ಷದೊಳಗೆ ಬೇರೆ ಆಸ್ತಿಯಲ್ಲಿ ತೊಡಗಿಸುವ ಯೋಜನೆಯಿದ್ದರೆ ಹಂಚಬೇಕಿಲ್ಲ. ಇಲ್ಲದಿದ್ದರೆ ಅದರ ಶೇ 90ರಷ್ಟನ್ನು ಹಂಚಬೇಕು. ಸಾಮಾನ್ಯ ಕಂಪನಿಯಲ್ಲಿ ಆಡಳಿತ ಮಂಡಳಿಯ ಮರ್ಜಿಗೆ ಬಿಟ್ಟ ವಿಷಯ ಇಲ್ಲಿ ನಿಯಮದಲ್ಲೇ ಬರೆದಿದೆ.

ಆದರೆ ರೀಟ್ ಕೊಡುವುದೆಲ್ಲ ಡಿವಿಡೆಂಡ್ ಎಂದು ತಿಳಿಯಬೇಡಿ. ಕಟ್ಟಡದ ಒಡೆತನವಿರುವ ಅಂಗಸಂಸ್ಥೆಗೆ ರೀಟ್ ಸಾಲ ಕೊಟ್ಟಿರುತ್ತದೆ. ಬಾಡಿಗೆ ಹಣ ಮೇಲಕ್ಕೆ ಬರುವಾಗ ಒಂದಷ್ಟು ಬಡ್ಡಿಯಾಗಿ, ಒಂದಷ್ಟು ಸಾಲದ ಅಸಲಾಗಿ, ಒಂದಷ್ಟು ಡಿವಿಡೆಂಡ್ ಆಗಿ ಬರುತ್ತದೆ. ಬಡ್ಡಿಯ ಪಾಲಿಗೆ ನಿಮ್ಮ ತೆರಿಗೆ ದರದಂತೆ ತೆರಿಗೆ. ಅಂಗಸಂಸ್ಥೆ ಕಡಿಮೆ ದರದ ಕಾರ್ಪೊರೇಟ್ ತೆರಿಗೆ ಆರಿಸಿಕೊಂಡಿಲ್ಲದಿದ್ದರೆ ಡಿವಿಡೆಂಡ್ ಪಾಲಿಗೆ ವಿನಾಯಿತಿ. ಅಸಲಿನ ಪಾಲು ನಿಮ್ಮ ಯೂನಿಟ್‌ನ ಖರೀದಿ ಬೆಲೆಯನ್ನು ಇಳಿಸುತ್ತದೆ. ಮುಂದೆ ಮಾರುವಾಗ ಬಂಡವಾಳ ಲಾಭ ಆ ಮಟ್ಟಿಗೆ ಹೆಚ್ಚುತ್ತದೆ. ಶೇ 6 ಅಥವಾ 7 ಆದಾಯ ಎಂಬ ಜಾಹೀರಾತಿನ ಅಂಕಿಯೊಳಗೆ ಇದೂ ಸೇರಿರುತ್ತದೆ.

ಎಲ್ಲಿ ನೋಡಬೇಕು?

ಷೇರುಪೇಟೆಗೆ ಸಲ್ಲಿಸುವ ಪ್ರಕಟಣೆಯಲ್ಲಿ ಮಾರಾಟ ಮೊತ್ತವಷ್ಟೇ ಎದ್ದು ಕಾಣುತ್ತದೆ. ಹಣ ಎಲ್ಲಿ ಹೋಯಿತು ಎಂಬುದು ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯಲ್ಲಿ ಸಿಗುತ್ತದೆ. ಸ್ಥಿರಾಸ್ತಿ ಮಾರಾಟದ ಹಣ ಹೂಡಿಕೆ ಚಟುವಟಿಕೆಯಡಿ ಬಂದಿರುತ್ತದೆ, ಸಾಲ ಮರುಪಾವತಿ ಮತ್ತು ಪಾವತಿಸಿದ ಡಿವಿಡೆಂಡ್ ಹಣಕಾಸು ಚಟುವಟಿಕೆಯಡಿ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಮೂಹದ ಬೇರೆ ಕಂಪನಿಗಳಿಗೆ ಕೊಟ್ಟ ಸಾಲದ ಸಾಲು ಅದೇ ವರ್ಷ ದಿಢೀರ್ ಹಿಗ್ಗಿದ್ದರೆ, ಸಂಬಂಧಿತರೊಂದಿಗಿನ ವ್ಯವಹಾರಗಳ ಟಿಪ್ಪಣಿಯನ್ನು ಬಿಡದೆ ಓದಿ.

ವಿಶೇಷ ಡಿವಿಡೆಂಡ್ ಘೋಷಣೆಯಾದರೆ, ರೆಕಾರ್ಡ್ ದಿನಾಂಕದಂದು ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಷೇರು ಇರಬೇಕು. ಮರುದಿನ ವಿಲೇವಾರಿಯ ಪದ್ಧತಿ ಇರುವುದರಿಂದ ಅದೇ ದಿನ ಕೊಂಡರೆ ಪ್ರಯೋಜನವಿಲ್ಲ. ಆ ದಿನ ಷೇರು ಬೆಲೆಯೂ ಹೆಚ್ಚುಕಡಿಮೆ ಡಿವಿಡೆಂಡ್‌ನಷ್ಟೇ ಇಳಿಯುತ್ತದೆ. ಘೋಷಣೆಯಾದ 30 ದಿನದೊಳಗೆ ಹಣ ಬರಬೇಕು. ಬ್ಯಾಂಕ್ ಖಾತೆ ಬದಲಾಗಿಯೋ ವಿಳಾಸ ತಪ್ಪಿಯೋ ಏಳು ವರ್ಷ ಪಡೆಯದೆ ಉಳಿದರೆ, ಆ ಹಣ ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳೂ ಅಲ್ಲಿಗೇ ಹೋಗುತ್ತವೆ. ಅಲ್ಲಿಂದ ಮರಳಿ ಪಡೆಯಲು ನಿಧಿಯ ಪ್ರಾಧಿಕಾರಕ್ಕೆ ಆನ್‌ಲೈನ್ ಅರ್ಜಿ ಹಾಕಿ, ಕಂಪನಿಯಿಂದ ದೃಢೀಕರಣ ಪಡೆಯಬೇಕು.