ಅಕ್ಕನ ಚೀಟಿ, ಅಮ್ಮನ ಮರೆವು: ಹಾರ್ಮೋನ್ ಮಾತ್ರೆಯ ಕಥೆ

ಇಲ್ಲಿ ಚೆನ್ನೈನ ಓಎಂಆರ್‌ನಲ್ಲೇ ಕೆಲಸ ಮಾಡೋ ನನ್ನ ಅಕ್ಕನಿಗೆ ಈಗ 49. ಮುಟ್ಟು ನಿಲ್ಲುವ ಕಾಲ. ರಾತ್ರಿ ಮೈಯೆಲ್ಲ ಕಾದು, ಬೆವರಿ ಎದ್ದು ಕೂರ್ತಾಳೆ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಪದಗಳೇ ನೆನಪಾಗಲ್ಲ. ಡಾಕ್ಟರು ಹಾರ್ಮೋನ್ ಚಿಕಿತ್ಸೆ ಬರೆದುಕೊಟ್ಟು ಮೂರು ತಿಂಗಳಾಯ್ತು. ಚೀಟಿ ಇನ್ನೂ ಫ್ರಿಜ್ ಮೇಲೇ ಇದೆ. "ಇದನ್ನ ತಗೊಂಡು ಅಮ್ಮನ ಥರ ನನಗೂ ಮರೆವು ಬಂದ್ರೆ ಏನು ಗತಿ ಕಣೋ?" ಅಂತಾಳೆ. ಈ ಭಯ ಎಲ್ಲಿಂದ ಬಂತು ಅಂತ ಇವತ್ತು ನೋಡೋಣ.

1942ರಲ್ಲಿ ಅಮೆರಿಕದಲ್ಲಿ ಪ್ರೆಮರಿನ್ ಮಾತ್ರೆ ಬಂತು. ಗಬ್ಬವಾದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಅದು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯರು 'ಫೆಮಿನಿನ್ ಫಾರೆವರ್' ಎಂಬ ಪುಸ್ತಕದಲ್ಲಿ ಋತುಬಂಧವನ್ನೇ ಒಂದು ರೋಗ ಮಾಡಿಬಿಟ್ಟರು. 1975ರಲ್ಲಿ, ಈಸ್ಟ್ರೋಜನ್ ಒಂದನ್ನೇ ತಗೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚು ಅಂತ ಗೊತ್ತಾಯ್ತು. ಆಮೇಲೆ ಗರ್ಭಕೋಶ ಇರುವವರಿಗೆ ಪ್ರೊಜೆಸ್ಟಿನ್ ಸೇರಿಸಿ ಕೊಡುವುದು ರೂಢಿಯಾಯ್ತು. 1990ರ ದಶಕದಲ್ಲಂತೂ ಈ ಮಾತ್ರೆ ನೆನಪನ್ನು ಕಾಪಾಡುತ್ತೆ ಅನ್ನೋ ಆಸೆಯೇ ಇತ್ತು!

ಆ ಆಸೆ ಮುರಿದದ್ದು 2003ರಲ್ಲಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನ ಭಾಗವಾಗಿ 4,532 ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಎರಡು ಹಾರ್ಮೋನ್ ಸೇರಿಸಿ ತಗೊಂಡವರ ಪೈಕಿ 40 ಜನರಿಗೆ, ಬರೀ ಸಪ್ಪೆ ಮಾತ್ರೆ ತಗೊಂಡವರ ಪೈಕಿ 21 ಜನರಿಗೆ ಡಿಮೆನ್ಷಿಯಾ ಬಂತು. "ಎರಡು ಪಟ್ಟು" ಅಂತ ಸುದ್ದಿ ಹಬ್ಬಿತು. ಲೆಕ್ಕ ಬಿಡಿಸಿದರೆ, ವರ್ಷಕ್ಕೆ 10,000 ಜನರಲ್ಲಿ 22 ಇದ್ದದ್ದು 45 ಆಗಿತ್ತು. ಇನ್ನೊಂದು ವಿಷಯ ಸುದ್ದಿಯಲ್ಲಿ ಮುಚ್ಚಿಹೋಯ್ತು: ಅವರೆಲ್ಲ 65 ದಾಟಿದವರು. ನಮ್ಮಕ್ಕನಿಗೆ 49.

ಹಾಗಂತ ಪ್ರಶ್ನೆ ಮುಗಿದಿಲ್ಲ. 2023ರ ಡೆನ್ಮಾರ್ಕ್ ಅಧ್ಯಯನದಲ್ಲಿ 55ರೊಳಗೆ ಚಿಕಿತ್ಸೆ ಪಡೆದವರಲ್ಲೂ ನಂಟು ಕಂಡಿತು. ಆದರೆ ಅದು ದಾಖಲೆಗಳನ್ನು ನೋಡಿ ಮಾಡಿದ್ದು. ಮಾತ್ರೆ ಕಾರಣವೋ, ಮಾತ್ರೆ ಬೇಕಾಗುವಷ್ಟು ಕೆಟ್ಟ ನಿದ್ದೆ, ಬೆವರು ಕಾರಣವೋ, ಅದರಿಂದ ಹೇಳಕ್ಕಾಗಲ್ಲ. 2025ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ, ಈ ಔಷಧಿಗಳ ಮೇಲಿದ್ದ ಡಿಮೆನ್ಷಿಯಾ ಎಚ್ಚರಿಕೆಯನ್ನು ತೆಗೆಸುವುದಾಗಿ ಹೇಳಿತು. ಆದರೆ ಮರೆವು ತಡೆಯೋಕೆ ಅಂತ ಇದನ್ನು ನುಂಗುವುದು ಇವತ್ತಿಗೂ ಸರಿಯಲ್ಲ.

ಇದರಲ್ಲಿ ನಮ್ಮ ಹೆಂಗಸರು ಎಲ್ಲಿ? 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಸಂಶೋಧಕರು ತಮ್ಮ ಗುಂಪಿಗೆ '10/66' ಅಂತ ಹೆಸರಿಟ್ಟರು: ಡಿಮೆನ್ಷಿಯಾ ಇರುವವರಲ್ಲಿ ಶೇ. 66 ಬಡ ದೇಶಗಳಲ್ಲಿ, ಸಂಶೋಧನೆ ಮಾತ್ರ ಅಲ್ಲಿ ಶೇ. 10ಕ್ಕಿಂತ ಕಡಿಮೆ. ಅವರು ಮನೆಮನೆ ಸಮೀಕ್ಷೆ ಮಾಡಿದ ಊರುಗಳಲ್ಲಿ ನಮ್ಮ ಚೆನ್ನೈಯೂ ಒಂದು. 2023ರ ಭಾರತದ ಅಂದಾಜಿನಲ್ಲಿ 60 ದಾಟಿದ ಗಂಡಸರಲ್ಲಿ ಶೇ. 5.8, ಹೆಂಗಸರಲ್ಲಿ ಶೇ. 9 ಜನರಿಗೆ ಡಿಮೆನ್ಷಿಯಾ ಇದೆ. ಓದು ಸಿಗದವರಲ್ಲಿ ಇನ್ನೂ ಹೆಚ್ಚು.

ನಮ್ಮಮ್ಮ ಹಾರ್ಮೋನ್ ಮಾತ್ರೆ ಕಣ್ಣಲ್ಲೂ ಕಂಡವರಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಇದನ್ನ ಹೇಳಿದಾಗ ಅಕ್ಕ ಸುಮ್ಮನಾದಳು. ಆಮೇಲೆ ಚೀಟಿ ತೆಗೆದು ಬ್ಯಾಗಿಗೆ ಹಾಕ್ಕೊಂಡಳು. ಶನಿವಾರ ಇಬ್ಬರೂ ಡಾಕ್ಟರ ಹತ್ತಿರ ಹೋಗ್ತಿದ್ದೀವಿ: ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟೋದು, ಮಾತ್ರೆಯೋ ಪ್ಯಾಚೋ, ಎಷ್ಟು ವರ್ಷ, ಎಲ್ಲ ಕೇಳೋಕೆ. ತಗೊಳ್ಳೋದು, ಬಿಡೋದು ಅವಳಿಷ್ಟ. ಹೆದರಿಕೊಂಡು ನಿದ್ದೆ ಕೆಡಿಸಿಕೊಳ್ಳೋದು ಮಾತ್ರ ಬೇಡ.